ನದಾಫ: ಒಂದು ಅಡ್ಡಹೆಸರಿನ ಲೆಕ್ಕ

ಹೋದ ವಾರ ಸಂಜೆಯ ಹೊತ್ತು ನಮ್ಮ ಕಚೇರಿಗೆ ಒಬ್ಬ ಹಿರಿಯರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಗಿರಣಿಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಪೇಟೆಯ ಹಿಂದಿನ ಓಣಿಯಲ್ಲಿ ಗಾದಿ ತುಂಬುವ ಸಣ್ಣ ಅಂಗಡಿ ಇಟ್ಟುಕೊಂಡವರು. ಮುಷ್ಕರದ ದಿನಗಳಿಂದ ನಮಗೆ ಪರಿಚಯ. ನಾವು ಅವರನ್ನು ಚಾಚಾ ಎನ್ನುತ್ತೇವೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಕೊನೆಗೆ ‘ನದಾಫ’ ಎಂಬ ಅಡ್ಡಹೆಸರು ಇತ್ತು. ಮೊಮ್ಮಗಳ ಶಾಲೆಯ ದಾಖಲೆಯಲ್ಲಿ ಅದಿಲ್ಲ, ‘ಶೇಖ್’ ಎಂದಿದೆ. ಜಾತಿಯ ಕಾಲಮಿನಲ್ಲಿ ಬರಿಯ ‘ಮುಸ್ಲಿಂ’ ಎಂದಿದೆ. ಕಾಲೇಜಿನ ಪ್ರವೇಶಕ್ಕಾಗಿ ಪ್ರವರ್ಗ-1ರ ಪ್ರಮಾಣಪತ್ರ ಕೇಳಲು ಹೋದಾಗ ಕಚೇರಿಯೊಂದರಲ್ಲಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟರಂತೆ. ನೀವು ನದಾಫರು ಎಂಬುದಕ್ಕೆ ಗುರುತೇನು ಎಂದು ಕೇಳಿದರಂತೆ.

“ಅಣ್ಣಾರ, ನನ್ನ ಎದಿಯೊಳಗ ಹತ್ತಿ ಧೂಳು ತುಂಬೇತಿ, ಕೆಮ್ಮಿ ತೋರಸ್ಲೇನು ಅಂದೆ. ಅವರು ನಕ್ಕರು,” ಎಂದು ಚಾಚಾ ಹೇಳಿದರು.

ಅಷ್ಟರಲ್ಲಿ ಅವರ ಮಗನೂ ಬಂದ. ಶಾಲೆಯ ರಿಜಿಸ್ಟರಿನಲ್ಲಿ ನದಾಫ ಎಂಬುದನ್ನು ಬಿಟ್ಟು ಶೇಖ್ ಎಂದು ಬರೆಸಿದವನು ಅವನೇ. ಅಪ್ಪ ಮಗನಿಗೆ ಅಲ್ಲಿಯೇ ಮಾತು ಬೆಳೆಯಿತು. “ಸಾಲ್ಯಾಗ ನನ್ನ ಹೆಸರು ಕರದಾಗೆಲ್ಲಾ ಹುಡುಗರು ಟಂಯ್ ಟಂಯ್ ಅಂತಿದ್ರು ಅಬ್ಬಾ. ನನ್ನ ಮಗಳೂ ಅದನ್ನ ಅನ್ನಿಸ್ಕೋಬೇಕಿತ್ತೇನು?” ಎಂದು ಮಗ ಕೇಳಿದ. ಚಾಚಾ ಉತ್ತರ ಕೊಡಲಿಲ್ಲ. ಹುಡುಗಿ ಮಾತ್ರ ನಮ್ಮ ಕಡೆ ತಿರುಗಿ, “ಕಾಕಾ, ನದಾಫ ಅಂದ್ರ ಏನರ್ಥ?” ಎಂದಳು.

ಬೋನಸ್ಸು, ತುಟ್ಟಿಭತ್ಯೆ, ಸಂತೆಯ ಸುಂಕ ಇವನ್ನೆಲ್ಲ ಬಿಟ್ಟು ಒಂದು ಅಡ್ಡಹೆಸರಿಗಾಗಿ ಇಷ್ಟು ಜಾಗ ಏಕೆ ಎಂದು ಕೇಳುವ ವಾಚಕರಿರಬಹುದು. ಹುಡುಗಿಯ ಪ್ರಶ್ನೆಗೆ ಆ ಕೋಣೆಯಲ್ಲಿದ್ದ ನಾಲ್ಕು ಮಂದಿ ದೊಡ್ಡವರಲ್ಲಿ ಯಾರೂ ಪೂರ್ತಿ ಉತ್ತರ ಕೊಡಲಾರದೆ ಹೋದೆವು ಎಂಬುದೇ ನಮ್ಮ ಕಾರಣ. ಹೆಸರು ಹೊತ್ತವರಿಗೂ ಗೊತ್ತಿಲ್ಲ, ಹೆಸರು ಕೇಳಿ ನಕ್ಕವರಿಗೂ ಗೊತ್ತಿಲ್ಲ, ಗುರುತು ಕೇಳಿದ ಕಚೇರಿಯವರಿಗಂತೂ ಗೊತ್ತಿಲ್ಲ.

ನದಾಫ ಎಂಬುದು ಅರಬ್ಬಿ ಮಾತು. ಆ ಭಾಷೆಯಲ್ಲಿ ‘ನದಫ’ ಎಂದರೆ ಹತ್ತಿಯನ್ನು ಬಿಲ್ಲಿನಿಂದ ಬಡಿದು ಹಿಂಜುವುದು. ‘ನದ್ದಾಫ್’ ಎಂದರೆ ಆ ಕೆಲಸದವನು. ಅರಬ್ಬಿಯಲ್ಲಿ ಕಸುಬುದಾರನ ಹೆಸರು ಹೀಗೆ ನಡುವಿನ ಅಕ್ಷರಕ್ಕೆ ಒತ್ತು ಬಿದ್ದು ಆಗುತ್ತದೆ. ಡೇರೆ ಹೊಲಿಯುವವನು ಖಯ್ಯಾಮ್, ಮಾಂಸ ಕಡಿಯುವವನು ಕಸ್ಸಾಬ್. ಇಷ್ಟೇ ಅರ್ಥ. ಇದರಲ್ಲಿ ಕುಲವಿಲ್ಲ, ಪೀರನಿಲ್ಲ, ಊರಿಲ್ಲ. ಇರುವುದು ಒಂದು ಕೆಲಸ. ಪಶ್ಚಿಮ ಏಷ್ಯಾದಲ್ಲಿ ಇದೇ ಅಡ್ಡಹೆಸರಿನ ಮನೆತನಗಳಲ್ಲಿ ಕ್ರೈಸ್ತರೂ ಇದ್ದಾರೆ. ಹತ್ತಿ ಹಿಂಜಿದವನು ನದ್ದಾಫ್ ಆದ, ಅವನು ಎಲ್ಲಿ ಪ್ರಾರ್ಥನೆ ಮಾಡಿದ ಎಂಬುದನ್ನು ಆ ಮಾತು ಕೇಳಲಿಲ್ಲ.

ನಮ್ಮ ಕಡೆ ಇದೇ ಜನರಿಗೆ ಇನ್ನೊಂದು ಹೆಸರು ಪಿಂಜಾರ. ಇದು ನಮ್ಮ ಮನೆಮಾತಿಗೆ ತೀರ ಹತ್ತಿರದ್ದು. ಹಳೆಯ ಕನ್ನಡದ ಪಕಾರ ಮುಂದೆ ಹಕಾರವಾಯಿತಷ್ಟೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಿಂಜು ಹಿಂಜಾಯಿತು. ಹತ್ತಿ ಹಿಂಜು, ಉಣ್ಣೆ ಹಿಂಜು ಎನ್ನುತ್ತೇವೆ; ಮಾತನ್ನು ಎಳೆದಾಡುವವನಿಗೆ ಹಿಂಜಬೇಡವೋ ಎನ್ನುತ್ತೇವೆ. ಮರಾಠಿಯಲ್ಲಿಯೂ ಪಿಂಜಾರಿ ಎಂಬ ಮಾತಿದೆ. ಆಂಧ್ರದವರು ದೂದೇಕುಲದವರೆನ್ನುತ್ತಾರೆ, ತೆಲುಗಿನಲ್ಲಿ ದೂದಿ ಎಂದರೆ ಹತ್ತಿ, ಏಕು ಎಂದರೆ ಹಿಂಜುವುದು. ತಮಿಳರು ಪಂಜುಕೊಟ್ಟಿ, ಅಂದರೆ ಹತ್ತಿ ಬಡಿಯುವವನು ಎಂದರು. ಉತ್ತರದಲ್ಲಿ ಧುನಿಯಾ, ಬೆಹನಾ. ಇನ್ನೂ ಆಚೆ ಹೋದರೆ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಟೋಜರ್ ಎಂಬ ಅಡ್ಡಹೆಸರಿದೆ. ಅದೂ ಉಣ್ಣೆ ಹಿಂಜುವವನ ಹೆಸರೇ. ಜರ್ಮನರಲ್ಲಿ ವೊಲ್‌ಶ್ಲೇಗರ್ ಎಂದರೆ ಉಣ್ಣೆ ಬಡಿಯುವವನು. ಟೋಜರ್ ಎಂಬುವನು ಮಗಳನ್ನು ಶಾಲೆಗೆ ಸೇರಿಸುವಾಗ ಹೆಸರು ಬದಲಾಯಿಸಬೇಕೆಂದು ಯೋಚಿಸುವುದಿಲ್ಲ. ಅಲ್ಲಿ ಕಸುಬು ಹೋಯಿತು, ಹೆಸರಿನ ಮೇಲಿದ್ದ ಕಸುಬಿನ ಮುದ್ರೆಯೂ ಅಳಿಸಿತು. ಇಲ್ಲಿ ಕಸುಬು ಹೋಗಿದೆ, ಮುದ್ರೆ ಮಾತ್ರ ಹೋಗಿಲ್ಲ.

ನದಾಫ, ಪಿಂಜಾರ ಎಂಬ ಎರಡು ಹೆಸರುಗಳು ಒಂದೇ ಜನಕ್ಕೆ ಇರುವುದರಲ್ಲಿಯೂ ಒಂದು ಕಥೆಯಿದೆಯೆಂದು ನಮಗೆ ತೋರುತ್ತದೆ. ಓಣಿಯಲ್ಲಿ ಕೂಗಿ ಕರೆಯುವಾಗ ಪಿಂಜಾರ. ಕಾಗದದ ಮೇಲೆ ಬರೆಯುವಾಗ ನದಾಫ. ಕನ್ನಡದ ಮಾತಿನಲ್ಲಿ ತಿರಸ್ಕಾರ ಕೇಳಿ ಕೇಳಿ ಸಾಕಾದವನಿಗೆ ಅರಬ್ಬಿಯ ಮಾತು ಸ್ವಲ್ಪ ಮರ್ಯಾದೆಯದಾಗಿ ಕಂಡಿರಬೇಕು. ಆದರೆ ಬಿಚ್ಚಿ ನೋಡಿದರೆ ಎರಡರೊಳಗೂ ಅದೇ ಬಿಲ್ಲು, ಅದೇ ಹತ್ತಿ! ಮುಂದಿನ ತಲೆಮಾರಿಗೆ ಅರಬ್ಬಿಯ ಹೆಸರಿಗೂ ಓಣಿಯ ಧೂಳು ಅಂಟಿತು. ಚಾಚಾ ಅವರ ಮಗ ಶೇಖ್ ಎಂಬ ಮೂರನೆಯ ಬಾಗಿಲು ತಟ್ಟಿದ್ದು ಹೀಗೆ.

ಅವನೊಬ್ಬನೇ ಏನಲ್ಲ. ಉತ್ತರ ಭಾರತದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಡೀ ಇಡೀ ಕಸುಬಿನವರು ಹೆಸರು ಬದಲಿಸಿದರು. ಜುಲಾಹರೆಂದು ಕರೆಸಿಕೊಳ್ಳುತ್ತಿದ್ದ ನೇಕಾರರು ಅನ್ಸಾರಿಗಳಾದರು, ಕಸಾಯಿಗಳು ಕುರೈಶಿಗಳಾದರು, ಧುನಿಯಾ, ಬೆಹನಾ ಎನಿಸಿಕೊಂಡ ಹತ್ತಿ ಹಿಂಜುವವರು ಮನ್ಸೂರಿಗಳಾದರು. ಈ ಮೂರರಲ್ಲಿ ಮನ್ಸೂರಿ ಎಂಬುದು ನಮಗೆ ಹೆಚ್ಚು ಮೆಚ್ಚಿಕೆ. ಅದು 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಿಸಿಕೊಂಡ ಸೂಫಿ ಮನ್ಸೂರ್ ಅಲ್ ಹಲ್ಲಾಜನಿಂದ ಬಂದದ್ದು. ನಾನೇ ಸತ್ಯ ಎಂದನೆಂಬುದು ಅವನ ಮೇಲೆ ಜನ ಹೊರಿಸಿದ ಅಪರಾಧ. ಹಲ್ಲಾಜ್ ಎಂದರೆ ಮತ್ತೇನೂ ಅಲ್ಲ, ಹತ್ತಿ ಬಿಡಿಸಿ ಹಿಂಜುವವನು. ಹತ್ತಿಯ ಕೋಠಿಯೊಂದರ ಮುಂದೆ ಹೋಗುವಾಗ ಅವನು ಕೈಸನ್ನೆ ಮಾಡಿದೊಡನೆ ಬೀಜ ಬೇರೆ, ಅರಳೆ ಬೇರೆ ಆಯಿತೆಂದು ಭಕ್ತರ ಕಥೆ. ಹಿಂಜುವವನ ದಿನಗೂಲಿಯ ಕಷ್ಟ ಕಂಡವರೇ ಅಂತಹ ಪವಾಡವನ್ನು ಕಲ್ಪಿಸಬಲ್ಲರು. ಮನ್ಸೂರಿಗಳು ಕಸುಬಿನ ಹೆಸರನ್ನು ಬಿಟ್ಟು ಓಡಿದರೂ ಕಸುಬಿನವನೊಬ್ಬನ ಮಡಿಲಿಗೇ ಬಂದು ಬಿದ್ದರು. ಹದಿನಾರನೆಯ ಶತಮಾನದ ರಾಜಸ್ಥಾನದ ಸಂತ ದಾದೂ ದಯಾಳನೂ ಧುನಿಯಾ ಎಂದು ಪರಂಪರೆ ಹೇಳುತ್ತದೆ.

ಇನ್ನು ನಮ್ಮ ನಾಡಿನ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಸುಬನ್ನು ಹೆಸರಿನ ಮುಂದೆಯೇ ಧರಿಸಿದರು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನೂಲುವ ಕದಿರ ರೆಮ್ಮವ್ವೆ. ನೂಲುವವಳೆಂದು ಹೇಳಿಕೊಳ್ಳಲು ರೆಮ್ಮವ್ವೆಗೆ ನಾಚಿಕೆಯಾಗಲಿಲ್ಲ. ಈಗ ಬಡಿಗೇರ, ಕಂಬಾರ, ಕುಂಬಾರ, ಗಾಣಿಗೇರ, ಹೂಗಾರ, ಸುತಾರ, ನದಾಫ ಎಂದು ಹೆಸರಿನ ಹಿಂದೆ ಬರೆಯುತ್ತೇವೆ. ಹಳೆಯ ಮೈಸೂರು ಸೀಮೆಯವರು ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ ಹಚ್ಚಿ ಮುಗಿಸುತ್ತಾರೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಕಡೆಯ ಕಚೇರಿ ಮತ್ತು ಶಾಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಸುವ ರೂಢಿ ಬಿತ್ತು. ಹೀಗೆ ಬಾಯಿಮಾತಿನಲ್ಲಿದ್ದ ಕಸುಬು ಮಸಿಯಲ್ಲಿ ನಿಂತಿತು. ತಂದೆ ಹಿಂಜಿದ್ದಕ್ಕೆ ಮಗ ನದಾಫ, ಮಗ ಹಿಂಜದಿದ್ದರೂ ಮೊಮ್ಮಗ ನದಾಫ.

ಆ ಕೆಲಸವೇನೆಂದು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆಳೆತ್ತರಕ್ಕೆ ಹತ್ತಿರದ ಮರದ ಬಿಲ್ಲು; ಅದಕ್ಕೆ ಕರುಳಿನಿಂದ ಹೊಸೆದ ಬಿಗಿಯಾದ ನರ. ಬಿಲ್ಲನ್ನು ಜಂತಿಗೆ ತೂಗುಹಾಕಿ, ನರವು ನೆಲದ ಮೇಲಿನ ಹತ್ತಿಗೆ ತಗಲುವಂತೆ ಹಿಡಿದು, ಬಲಗೈಯ ಮರದ ಕೊಡತಿಯಿಂದ ನರವನ್ನು ಬಡಿಯಬೇಕು. ನರ ಅದುರಿದಾಗ ಅದಕ್ಕೆ ಅಂಟಿದ ಹತ್ತಿ ಎಳೆಎಳೆಯಾಗಿ ಬಿಚ್ಚಿ ಹಾರುತ್ತದೆ. ಒಣ ಎಲೆಯ ಚೂರು, ಮಣ್ಣು, ಬೀಜದ ಸಿಪ್ಪೆ ಕೆಳಗೆ ಉದುರುತ್ತವೆ. ಗಟ್ಟಿಯಾದ ಒಂದು ಮುದ್ದೆ ನೋಡುನೋಡುತ್ತಿದ್ದಂತೆ ನೊರೆಯಂತೆ ಉಬ್ಬಿ ಕೋಣೆಯ ಮೂಲೆ ತುಂಬುತ್ತದೆ. ಬಡಿತ ಜೋರಾದರೆ ಎಳೆ ತುಂಡಾಗುತ್ತದೆ, ಮೆತ್ತಗಾದರೆ ಗಂಟು ಉಳಿಯುತ್ತದೆ. ನಾಲ್ಕೈದು ವರ್ಷ ಕೈ ಪಳಗಿದ ಹೊರತು ಈ ಹದ ಬರುವುದಿಲ್ಲವೆಂದು ಚಾಚಾ ಹೇಳಿದರು. ಟಂಯ್ ಟಂಯ್ ಎಂಬ ಆ ಸದ್ದು ಓಣಿಗೆ ಬಂದರೆ ಹೆಣ್ಣುಮಕ್ಕಳು ಹಳೆಯ ಗಾದಿ, ತಲೆದಿಂಬು ಬಿಚ್ಚಿ ಹೊರಗೆ ತರುತ್ತಿದ್ದರು. ಮಗನನ್ನು ಶಾಲೆಯಲ್ಲಿ ಅಳಿಸಿದ ಸದ್ದೂ ಅದೇ.

ಗಾದಿ ತುಂಬುವುದು ಈ ಕಸುಬಿನ ಕೊನೆಯ ಕಾಲದ ಆಸರೆ. ಅದಕ್ಕೂ ಮೊದಲು ಪಿಂಜಾರನ ದೊಡ್ಡ ಗಿರಾಕಿ ನೂಲುವ ಹೆಣ್ಣುಮಗಳು. ರಾಟಿಗೆ ಹಂಜಿ ಬೇಕು, ಹಂಜಿಗೆ ಹಿಂಜಿದ ಅರಳೆ ಬೇಕು. ನಮ್ಮ ದೇಶದಲ್ಲಿ ರಾಟಿಯ ಅತಿ ಹಳೆಯ ಉಲ್ಲೇಖಗಳಲ್ಲೊಂದು 1350ರಲ್ಲಿ ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ ಎಂಬ ಕವಿ ಬರೆದ ಪಾರಸಿ ಕಾವ್ಯದಲ್ಲಿದೆ. ರಜಿಯಾಳಂಥ ಹೆಂಗಸಿಗೆ ಸಿಂಹಾಸನ ಏಕೆ, ಚರಖಾ ಸಾಕು ಎಂಬುದು ಅಲ್ಲಿಯ ಧಾಟಿ. (ದುಡಿಯುವವರ ಉಪಕರಣ ದೊಡ್ಡವರ ಪುಸ್ತಕದಲ್ಲಿ ಬರುವುದು ಬೈಗುಳಕ್ಕಾಗಿಯೇ ಎಂದು ಕಾಣುತ್ತದೆ.) ರೈತ, ಪಿಂಜಾರ, ನೂಲುವವಳು, ನೇಕಾರ ಹೀಗೆ ನಾಲ್ಕು ಕೈ ಸೇರಿ ಒಂದು ಸೀರೆ. ಇದರಲ್ಲಿ ನೇಕಾರನ ಮೇಲೆ ಹಾಡು ಕಟ್ಟಿದ್ದಾರೆ, ರೈತನ ಮೇಲೆ ಹಾಡು ಕಟ್ಟಿದ್ದಾರೆ. ಪಿಂಜಾರನ ಪಾಲಿಗೆ ಬಂದದ್ದು ಅಣಕ.

ಈ ನಾಲ್ಕು ಕೈಗಳ ಕೊಂಡಿ ಕಳಚಿದ್ದು ಹೇಗೆಂದು ಗಿರಣಿಯ ಬಂಧುಗಳಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. 1748ರಲ್ಲಿ ಇಂಗ್ಲೆಂಡಿನ ಲೂಯಿಸ್ ಪಾಲ್ ಹಿಂಜುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1775ರಲ್ಲಿ ಆರ್ಕ್‌ರೈಟ್ ಅದನ್ನು ಸುಧಾರಿಸಿ ತನ್ನ ಹಕ್ಕು ಬರೆಸಿಕೊಂಡ. ಉರುಳೆಯ ಮೈತುಂಬ ಸಣ್ಣ ತಂತಿಯ ಹಲ್ಲು; ಒಂದು ಕಡೆ ಹತ್ತಿಯ ಹಾಸು ಒಳಗೆ ಹೋಗುತ್ತದೆ, ಇನ್ನೊಂದು ಕಡೆ ಜೇಡರ ಬಲೆಯಂಥ ತೆಳ್ಳನೆಯ ಪದರು ಬಂದು ಸ್ಲೈವರ್ ಆಗಿ ಡಬ್ಬಿಗೆ ಇಳಿಯುತ್ತದೆ. ಬಿಲ್ಲು ಮಾಡುತ್ತಿದ್ದ ಕೆಲಸವೇ. ಧಾರವಾಡ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಸರ್ಕಾರದವರು ಅಮೆರಿಕದ ಹತ್ತಿಯ ತಳಿ ತಂದು ಬಿತ್ತಿಸಿದರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರಿನ ಗಿರಣಿಗಳು ನಮ್ಮ ಹತ್ತಿಗೆ ಬಾಯಿ ಬಿಟ್ಟವು. ಹತ್ತಿ ಹೊಲದಿಂದ ಜಿನ್ನಿಗೆ, ಜಿನ್ನಿನಿಂದ ಪ್ರೆಸ್ಸಿಗೆ, ಅಲ್ಲಿಂದ ಬಂದರಿಗೆ ಹೋಯಿತು. ಪಿಂಜಾರನ ಬಾಗಿಲಲ್ಲಿ ನಿಲ್ಲಲಿಲ್ಲ. ಪರದೇಶದ ನೂಲು ಅಗ್ಗವಾಗಿ ಬಂದು ರಾಟಿ ಅಟ್ಟ ಸೇರಿತು. ಹಂಜಿ ಕೇಳುವವರೇ ಇಲ್ಲದಾದಾಗ ಬಿಲ್ಲಿಗೆ ಉಳಿದದ್ದು ಗಾದಿ, ದಿಂಬು, ರಜಾಯಿ. 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಮುಂದೆ ಹುಬ್ಬಳ್ಳಿ, ದಾವಣಗೆರೆ, ಕಲಬುರ್ಗಿಗಳಲ್ಲಿಯೂ ಗಿರಣಿಗಳಾದವು. ಪಿಂಜಾರರ ಎಷ್ಟೋ ಮಕ್ಕಳು ಬ್ಲೋ ರೂಮಿಗೂ ಕಾರ್ಡಿಂಗಿಗೂ ಕೂಲಿಗಳಾಗಿ ಸೇರಿದರು. ಅಪ್ಪನ ಬಿಲ್ಲನ್ನು ಸೋಲಿಸಿದ ಯಂತ್ರಕ್ಕೇ ಮಗ ಹತ್ತಿ ಉಣಿಸಿದ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಆಶ್ರಮದಲ್ಲಿ ಕೈನೂಲು ಆರಂಭಿಸಬೇಕೆಂದಾಗ ರಾಟಿಯೂ ಸಿಕ್ಕಿತು, ನೂಲುವವರೂ ಸಿಕ್ಕರು. ಹಂಜಿ ಮಾಡಿಕೊಡಲು ಹಿಂಜುವವನು ಬೇಕಾಯಿತು. ಗಂಗಾಬೆಹನ್ ಮಜುಮ್‌ದಾರರು ಒಬ್ಬನನ್ನು ಹುಡುಕಿ ಗೊತ್ತು ಮಾಡಿದರು. ಅವನು ತಿಂಗಳಿಗೆ 35 ರೂಪಾಯಿಗೆ ಕಡಿಮೆಯಿಲ್ಲದಂತೆ ಕೇಳಿದ. ಆ ಹೊತ್ತಿನಲ್ಲಿ ಯಾವ ಬೆಲೆಯೂ ಗಾಂಧೀಜಿಯವರಿಗೆ ಹೆಚ್ಚೆನಿಸಲಿಲ್ಲ. ಹತ್ತಿ ಕೊಟ್ಟವರ ಹೆಸರು ಆ ಅಧ್ಯಾಯದಲ್ಲಿದೆ, ಹಿಂಜಿದವನ ಹೆಸರಿಲ್ಲ. ಗಾಂಧೀಜಿಯವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಹಿಂಜುವವನ ಹೆಸರು ಕೇಳುವ ಅಭ್ಯಾಸ ಈ ದೇಶದಲ್ಲಿ ಯಾರಿಗೂ ಇರಲಿಲ್ಲವೆಂಬುದಕ್ಕೆ ಹೇಳುತ್ತಿದ್ದೇವೆ. ಈಗ ಖಾದಿಗೂ ಪಿಂಜಾರ ಬೇಡ. ಖಾದಿ ಆಯೋಗದ ಹಂಜಿ ಕಾರ್ಖಾನೆ ನಮ್ಮ ಚಿತ್ರದುರ್ಗದಲ್ಲಿಯೇ ಇದೆ. ಯಂತ್ರ ಹಿಂಜಿದ ಹಂಜಿಯೇ ನೂಲುವ ಕೇಂದ್ರಗಳಿಗೆ ಹೋಗುತ್ತದೆ. ಗಾದಿಯ ವ್ಯಾಪಾರವನ್ನು ಫೋಮು ಮತ್ತು ತೆಂಗಿನ ನಾರಿನ ಗಾದಿಯ ಕಂಪನಿಗಳು ತೆಗೆದುಕೊಂಡವು. ಪೇಟೆಯ ಸಣ್ಣ ವ್ಯಾಪಾರಿ ಬಂಧುಗಳು ಚಾಚಾ ಅವರ ಅಂಗಡಿಯ ಗಲ್ಲೆಯನ್ನು ಊಹಿಸಬಲ್ಲರು.

ಹೀಗೆ ಕಸುಬು ಹೋಯಿತು. ಉಳಿದವು ಎರಡು: ಹೆಸರು, ಕೆಮ್ಮು.

ಕೆಮ್ಮಿನ ಮಾತು ಸುಮ್ಮನೆ ಆಡಿದ್ದಲ್ಲ. ಹತ್ತಿಯ ಧೂಳಿನಿಂದ ಬರುವ ಎದೆಯ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಆದುದರಿಂದಲೇ ಇಂಗ್ಲಿಷರು ಅದನ್ನು ಸೋಮವಾರದ ಜ್ವರ ಎಂದರು. ವರ್ಷಗಳು ಕಳೆದಂತೆ ಸೋಮವಾರದ ಬಿಗಿತ ಎಲ್ಲ ವಾರಕ್ಕೂ ಹಬ್ಬುತ್ತದೆ. ಬ್ಲೋ ರೂಮ್ ಮತ್ತು ಕಾರ್ಡಿಂಗಿನಲ್ಲಿ ಇದರ ಕಾಟ ಹೆಚ್ಚು. 1923ರ ಕಾರ್ಮಿಕ ಪರಿಹಾರ ಕಾನೂನಿನ ಮೂರನೆಯ ಅನುಸೂಚಿಯಲ್ಲಿ ಇದು ಕಸುಬಿನ ರೋಗವೆಂದು ಸೇರಿತ್ತು. ಗಿರಣಿಯ ಧಣಿ ಇದ್ದಾಗ ಅವನ ಮೇಲಾದರೂ ದಾವೆ ಹೂಡಬಹುದು. ಮನೆಯ ಪಡಸಾಲೆಯಲ್ಲಿ ಬಿಲ್ಲು ಬಡಿದ ಪಿಂಜಾರ ಯಾರ ಮೇಲೆ ಹೂಡಬೇಕು? ಅವನ ಹೆಂಡತಿ ಮಕ್ಕಳು ಅದೇ ಪಡಸಾಲೆಯಲ್ಲಿ ಮಲಗಿದರು. ಅವರ ಎದೆಯ ಲೆಕ್ಕ ಯಾವ ಅನುಸೂಚಿಯಲ್ಲಿಯೂ ಇಲ್ಲ.

ಇನ್ನು ಪ್ರಮಾಣಪತ್ರದ ಮಾತು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ, ಪಿಂಜಾರ ಎಂಬುವು ಪ್ರವರ್ಗ-1ರಲ್ಲಿ ಇವೆ. ಆ ಪ್ರವರ್ಗಕ್ಕೆ ಸೇಕಡಾ 4ರ ಮೀಸಲಾತಿ. ವರಮಾನದ ಮಿತಿಯೂ ಅಡ್ಡ ಬರುವುದಿಲ್ಲ. ಕೇವಲ ಮುಸ್ಲಿಂ ಎಂದು ಬರೆಸಿದವರಿಗೆ 2ಬಿ ಎಂಬುದು ಬೇರೆ; 2023ರ ಮಾರ್ಚಿಯಲ್ಲಿ ಆಗಿನ ಸರ್ಕಾರ ಅದನ್ನು ರದ್ದು ಮಾಡಲು ಹೊರಟು ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದುದನ್ನು ವಾಚಕರು ಬಲ್ಲರು. ಶಾಲೆಯ ಗುಮಾಸ್ತೆ ಒಂದು ಕಾಲಮಿನಲ್ಲಿ ಯಾವ ಮಾತು ಬರೆದ ಎಂಬುದರ ಮೇಲೆ ಹುಡುಗಿಯ ಕಾಲೇಜು ನಿಂತಿದೆ ಎಂದಾಯಿತು.

ಈ ವ್ಯವಸ್ಥೆಯ ಒಳಗಿನ ವಕ್ರತೆಯನ್ನು ನೋಡಿರಿ. ಹಿಂದುಳಿದವರೆಂದು ಇವರನ್ನು ಪಟ್ಟಿಗೆ ಸೇರಿಸಿದ್ದು ಏಕೆ? ಈ ಕಸುಬಿನ ಹೆಸರಿಗೆ ಸಮಾಜ ತಿರಸ್ಕಾರ ಅಂಟಿಸಿತು, ಬಡತನ ಅಂಟಿಸಿತು ಎಂಬ ಕಾರಣಕ್ಕೆ ತಾನೆ? ಆ ತಿರಸ್ಕಾರವನ್ನು ತಾಳಲಾರದೆ ಒಬ್ಬ ಹೆಸರನ್ನು ಬಿಟ್ಟರೆ, ಹೆಸರು ಬಿಟ್ಟೆಯಾದ್ದರಿಂದ ನೀನು ಆ ಜನವಲ್ಲ ಎಂದು ಅದೇ ಸಮಾಜದ ಕಚೇರಿ ಹೇಳುತ್ತದೆ. ಹೆಸರು ಹೊತ್ತರೆ ಅಣಕದ ದಂಡ. ಇಳಿಸಿದರೆ ಕಾಗದದ ದಂಡ. ಎರಡು ಕಡೆಯೂ ದಂಡ ತೆರುವವನು ಒಬ್ಬನೇ. ನಮ್ಮ ದೃಷ್ಟಿಯಲ್ಲಿ ಹೆಸರು ಮುಚ್ಚಿಟ್ಟದ್ದೇ ಅವನು ಆ ಕಸುಬಿನವನು ಎಂಬುದಕ್ಕೆ ಒಂದು ಸಾಕ್ಷಿ. ನದಾಫನಲ್ಲದವನು ನದಾಫ ಎಂಬುದನ್ನು ಏಕೆ ಮರೆಮಾಡುತ್ತಾನೆ?

ಸುಳ್ಳು ಪ್ರಮಾಣಪತ್ರ ತರುವವರಿಲ್ಲವೆ ಎಂದು ಕೇಳಬಹುದು. ಇದ್ದಾರೆ, ಬಡವರ ಪಾಲನ್ನು ಕದಿಯುವವರಿಗೆ ನಾವು ವಕಾಲತ್ತು ಹಾಕುವುದಿಲ್ಲ. ವಿಚಾರಣೆ ನಡೆಯಲೇಬೇಕು. ಆದರೆ ವಿಚಾರಣೆ ಎಂದರೆ ಒಂದು ರಿಜಿಸ್ಟರಿನ ಒಂದು ಸಾಲನ್ನು ಓದಿ ಮುಚ್ಚುವುದಲ್ಲ. ಅಜ್ಜನ ಶಾಲೆಯ ದಾಖಲೆ, ಗಿರಣಿಯ ಹಾಜರಿ ಚೀಟಿ, ಮನೆಯ ಉತಾರ, ಬಂಧುಗಳ ಪ್ರಮಾಣಪತ್ರ, ಓಣಿಯ ಹಿರಿಯರ ಹೇಳಿಕೆ ಇವೆಲ್ಲ ಇವೆ. ಓಣಿಗೆ ಹೋಗಿ ಕೇಳಿದರೆ ಯಾರು ಯಾರ ಮನೆಯ ಗಾದಿ ತುಂಬಿದರೆಂದು ಎಪ್ಪತ್ತು ವರ್ಷದ ಲೆಕ್ಕ ಬಾಯಲ್ಲಿಯೇ ಸಿಗುತ್ತದೆ. ಕುರ್ಚಿಯಿಂದ ಏಳಬೇಕು, ಅಷ್ಟೆ. ತಹಸೀಲ್ದಾರರು ಪ್ರಮಾಣಪತ್ರ ನಿರಾಕರಿಸಿದರೆ 1990ರ ಕಾನೂನಿನಂತೆ 30 ದಿನಗಳೊಳಗೆ ಉಪವಿಭಾಗದ ಅಸಿಸ್ಟಂಟ್ ಕಮಿಷನರರಲ್ಲಿ ಅಪೀಲು ಮಾಡುವ ಹಕ್ಕಿದೆ. ಆದುದರಿಂದ ಬಾಯಿಮಾತಿನಲ್ಲಿ ಅರ್ಜಿ ವಾಪಸು ಕೊಟ್ಟರೆ ಒಪ್ಪಬಾರದು. ನಿರಾಕರಣೆಯನ್ನು ಬರೆದುಕೊಡಿ ಎಂದು ಕೇಳಬೇಕು. ಬರೆದುಕೊಡದ ಕಾಗದದ ಮೇಲೆ ಅಪೀಲು ನಡೆಯುವುದಿಲ್ಲವೆಂಬುದು ಕುರ್ಚಿಯಲ್ಲಿದ್ದವರಿಗೆ ಚೆನ್ನಾಗಿ ಗೊತ್ತು.

ಮುಂದೆ ಇನ್ನೊಂದು ಪುಸ್ತಕ ತೆರೆಯಲಿದೆ. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಹೇಳಿತು. ಸ್ವಾತಂತ್ರ್ಯ ಬಂದ ಮೇಲಿನ ಜನಗಣತಿಗಳಲ್ಲಿ ಪರಿಶಿಷ್ಟರನ್ನು ಬಿಟ್ಟು ಉಳಿದ ಜಾತಿಗಳ ಎಣಿಕೆ ಆಗಿರಲಿಲ್ಲ. ಬಾಗಿಲಿಗೆ ಬಂದವರು ಕೇಳಿದಾಗ ಶೇಖ್ ಎಂದವನು ಶೇಖರ ಲೆಕ್ಕಕ್ಕೆ, ಸುಮ್ಮನೆ ಮುಸ್ಲಿಂ ಎಂದವನು ಯಾವುದೋ ಲೆಕ್ಕಕ್ಕೆ ಹೋಗುತ್ತಾನೆ. ನದಾಫರು ಇಷ್ಟೇ ಜನರೇ ಎಂದು ನಾಳೆ ಮಂತ್ರಿಗಳು ಕೇಳುತ್ತಾರೆ. ನಮ್ಮ ಕಡೆಯ ಎಷ್ಟೋ ನದಾಫರ ಮನೆಗಳಲ್ಲಿ ಆಡುವ ಮಾತೂ ಕನ್ನಡವೇ. ಮಾತೃಭಾಷೆಯ ಕಾಲಮಿನಲ್ಲಿಯೂ ಇದ್ದದ್ದನ್ನೇ ಬರೆಸಬೇಕು.

ಚಾಚಾ ಅವರ ಮಗನನ್ನು ಬೈಯಲು ನಮಗೆ ಮನಸ್ಸಿಲ್ಲ. ಅವನನ್ನು ಅಣಕಿಸಿದ ಹುಡುಗರು ಯಾರ ಮಕ್ಕಳು? ನಮ್ಮವೇ. ಗಿರಣಿಯ ಚಾಳಿನವು, ಪೇಟೆಯ ಅಂಗಡಿಕಾರರವು. ಟಂಯ್ ಟಂಯ್ ಎಂಬುದನ್ನು ಅವು ತಮ್ಮ ಮನೆಯ ದೊಡ್ಡವರಿಂದ ಕಲಿತವು. ಒಂದೇ ಪಾಳಿಯಲ್ಲಿ ಒಂದೇ ಧೂಳು ಕುಡಿದವರೂ ಡಬ್ಬಿ ಬಿಚ್ಚುವ ಹೊತ್ತಿಗೆ ಈ ಪದಗಳನ್ನು ಆಡಿದ್ದುಂಟು. ನಮ್ಮ ಸಂಘದ ಸಭೆಯಲ್ಲಿಯೇ ಆಡಿದ್ದನ್ನು ನಾವು ಕೇಳಿ ಸುಮ್ಮನಿದ್ದದ್ದೂ ಉಂಟು. ಇದನ್ನು ಮರೆಮಾಚಿ ಕಚೇರಿಯವರನ್ನಷ್ಟೇ ಬೈದರೆ ಬರಹ ಅರ್ಧವಾಗುತ್ತದೆ. ಹೆಸರನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಆ ಮನೆಯವರೇ ನಿರ್ಣಯಿಸಲಿ. ಇಟ್ಟುಕೊಂಡರೆ ನಮಗೆ ಸಂತೋಷ, ಏಕೆಂದರೆ ನಮ್ಮ ಊರಿನ ಅಡ್ಡಹೆಸರುಗಳಲ್ಲಿ ಗೌಡಿಕೆ, ಮಠ, ದೇಸಗತಿ ಹೇಳುವಂಥವು ಬೇಕಾದಷ್ಟಿವೆ. ದುಡಿದದ್ದನ್ನು ಹೇಳುವಂಥವು ಕಡಿಮೆ. ಆದರೆ ನಮ್ಮ ಸಂತೋಷಕ್ಕಾಗಿ ಅವರ ಮಗಳು ಅಣಕ ಕೇಳಬೇಕಾಗಿಲ್ಲ.

ಹುಡುಗಿಗೆ ಅಂದು ಅರ್ಧ ಉತ್ತರ ಕೊಟ್ಟು ಕಳಿಸಿದೆವು. ಮರುದಿನ ಪದಕೋಶ ನೋಡಿ ಪೂರ್ತಿ ಉತ್ತರ ಹೇಳಲು ಅಂಗಡಿಗೆ ಹೋದಾಗ ಚಾಚಾ ಅಟ್ಟದಿಂದ ಬಿಲ್ಲನ್ನು ಇಳಿಸಿ ಒರೆಸುತ್ತಿದ್ದರು. ಅದು ಅವರ ತಂದೆಯದು. ನರ ಹರಿದು ಎಷ್ಟೋ ವರ್ಷವಾಗಿದೆ. ಕೈ ಹಿಡಿಯುವ ಜಾಗದಲ್ಲಿ ಮರ ಸವೆದು ತಗ್ಗಾಗಿದೆ. “ಇದನ್ನ ಗುರುತು ಅಂತ ಕಚೇರಿಗೆ ಒಯ್ಯಬೌದೇನ್ರಿ ಅಣ್ಣಾರ?” ಎಂದರು. ಒಯ್ಯೋಣ ಚಾಚಾ, ಕಾಗದದ ಜೊತೆಗೆ ಅದನ್ನೂ ಒಯ್ಯೋಣ ಎಂದೆವು. ಮಗ ಅಪ್ಪನ ಹಳೆಯ ಹಾಜರಿ ಚೀಟಿಗಳನ್ನು ಟ್ರಂಕಿನಿಂದ ತೆಗೆದು ವರ್ಷದಂತೆ ಜೋಡಿಸುತ್ತಿದ್ದ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಚೇರಿಯಲ್ಲಿ ಇಂಥ ಅರ್ಜಿಗಳನ್ನು ಬರೆದುಕೊಡುವ ಏರ್ಪಾಡು ಮಾಡಿದ್ದೇವೆ. ನದಾಫ, ಪಿಂಜಾರ ಬಂಧುಗಳು ಮನೆಯಲ್ಲಿರುವ ಹಿರಿಯರ ಶಾಲಾ ದಾಖಲೆ, ಗಿರಣಿಯ ಚೀಟಿ, ಉತಾರ, ಹಳೆಯ ಅಂಗಡಿ ಪರವಾನಗಿ ಏನಿದ್ದರೂ ತರಬೇಕು. ಅವರಿಂದ ಗಾದಿ ತುಂಬಿಸಿಕೊಂಡ ಮನೆಯವರು ಯಾರಾದರೂ ಸಾಕ್ಷಿ ಹೇಳಲು ಬಂದರೆ ಅವರಿಗೂ ಚಹಾ ಇದೆ.